ಬಾಟಲಿಯಲ್ಲಿ ಬೆಳೆದ ಹತ್ತಿ

ನನಗೆ ಸುಮ್ಮನೆ ಕೆಲಸ ಮಾಡಲು ಬರುವುದಿಲ್ಲ. ಮಾಡುವ ಕೆಲಸವನ್ನು ಪಕ್ಕದಲ್ಲಿದ್ದವರಿಗೆ ವಿವರಿಸುತ್ತಲೇ ಮಾಡಬೇಕು. ಇದು ಮಾಸ್ತರಿಕೆಯಿಂದ ಹತ್ತಿದ ಚಟವೋ, ಈ ಚಟವಿದ್ದುದರಿಂದಲೇ ಮಾಸ್ತರಿಕೆಯನ್ನು ಹುಡುಕಿಕೊಂಡು ಹೋದೆನೋ ಹೇಳಲಾರೆ. ಕ್ಷೌರದ ಅಂಗಡಿಯಲ್ಲಿ ಕೂತು, ಕೂದಲು ಬೆಳೆಯುವ ಬಗೆಯನ್ನು ತಲೆ ತಿರುಗಿಸಿ ತಿರುಗಿಸಿ ಹೇಳಹೋಗಿ ಎರಡು ಸಲ ಕೆನ್ನೆ ಕೊಯ್ಯಿಸಿಕೊಂಡಿದ್ದೇನೆ. ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಪಕ್ಕದಲ್ಲಿದ್ದ ಮಾವನಿಗೆ ಅರಿಸಿನ ಹಚ್ಚಿದ ಅಕ್ಕಿ ಮೊಳೆಯುವುದಿಲ್ಲ ಎಂಬುದನ್ನು ತಿಳಿಸುತ್ತಿದ್ದೆನಂತೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದನ್ನು ಸುಟ್ಟು ನೋಡಿದವರಿಲ್ಲ, ಕುಕ್ಕರಿನಲ್ಲಿ ಬೇಯಿಸಿ ನೋಡಿದ್ದಂತೂ ಉಂಟು. ಆ ಕತೆಯನ್ನು ಇಲ್ಲಿ ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ಬೈಲಹೊಂಗಲದ ಒಂದು ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರದ ಹಂಗಾಮಿ ಅಧ್ಯಾಪಕ. ಹಂಗಾಮಿ ಎಂದರೆ ಮಾರ್ಚಿನಲ್ಲಿ ಉದುರಿ ಜೂನಿನಲ್ಲಿ ಚಿಗುರುವ ಜಾತಿ. ಮೂರು ವರ್ಷ ಹೀಗೆ ಉದುರಿ ಚಿಗುರಿ ಸಾಕಾಗಿತ್ತು. ಆ ವರ್ಷ ದಸರೆಗೆ ಮುಂಚೆ ನಡೆಯುವ ಆಡಳಿತ ಮಂಡಳಿಯ ಸಭೆಯಲ್ಲಿ ನನ್ನನ್ನು ಕಾಯಂ ಮಾಡುವುದೋ, ಮನೆಗೆ ಕಳಿಸುವುದೋ ತೀರ್ಮಾನವಾಗಬೇಕಿತ್ತು. ಮಂಡಳಿಯ ಹಿರಿಯರು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಸಾವಕಾರರು. ಊರಿಗೆಲ್ಲ ಅವರು ‘ಚೇರಮನ್ನರು’. ಅವರ ಹೆಂಡತಿಯ ತಂಗಿಯ ಮಗನೊಬ್ಬ ಧಾರವಾಡದಲ್ಲಿ ಇದೇ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದಾನೆಂಬ ಸುದ್ದಿ ನನ್ನ ಕಿವಿಗೂ ಬಿದ್ದಿತ್ತು. ಪ್ರಿನ್ಸಿಪಾಲರು ಒಳ್ಳೆಯವರು. ಒಂದು ದಿನ ಕರೆದು, “ಪಾಠಾ ಎಲ್ಲಾರೂ ಮಾಡತಾರ್ರಿ. ಚೇರಮನ್ನರಿಗೆ ತೋರಸಾಕ ಏನರೆ ಒಂದ ಬೇಕು. ಕಣ್ಣಿಗೆ ಕಾಣೂವಂಥಾದ್ದು” ಎಂದು ಕಿವಿಯಲ್ಲಿ ಹೇಳಿದರು.

ಕಣ್ಣಿಗೆ ಕಾಣುವಂಥದ್ದು ನನ್ನ ಬಳಿ ಇತ್ತು, ಅಥವಾ ಇದೆಯೆಂದು ನಾನು ನಂಬಿದ್ದೆ. ಆ ಬೇಸಿಗೆಯಲ್ಲಿ ಅಧ್ಯಾಪಕರ ಶಿಬಿರವೊಂದಕ್ಕೆ ಹೋಗಿ ಅಂಗಾಂಶ ಕೃಷಿ ಕಲಿತು ಬಂದಿದ್ದೆ. ಗಿಡದ ಒಂದು ಚೂರನ್ನು ಕತ್ತರಿಸಿ, ಸಕ್ಕರೆ, ಲವಣ, ಹಾರ್ಮೋನು ಬೆರೆಸಿದ ಲೋಳೆಯ ಮೇಲೆ ಬಾಟಲಿಯೊಳಗೆ ಇಟ್ಟರೆ ಆ ಚೂರು ಬೆಳೆಯುತ್ತದೆ. ಅದಕ್ಕೆ ಹೊಲ ಬೇಡ, ಮಳೆ ಬೇಡ, ಎತ್ತು ಬೇಡ. ಆಕ್ಸಿನ್ ಎಂಬ ಹಾರ್ಮೋನು ಹೆಚ್ಚಾದರೆ ಬೇರು ಬಿಡುತ್ತದೆ, ಸೈಟೊಕೈನಿನ್ ಎಂಬುದು ಹೆಚ್ಚಾದರೆ ಚಿಗುರು ಬಿಡುತ್ತದೆ, ಎರಡೂ ತೂಗಿ ನಿಂತರೆ ಬೇರೂ ಇಲ್ಲದೆ ಚಿಗುರೂ ಇಲ್ಲದೆ ಬರಿಯ ಗಂಟಾಗಿ ಉಬ್ಬುತ್ತದೆ. ಈ ಗಂಟಿಗೆ ‘ಕ್ಯಾಲಸ್’ ಎಂದು ಹೆಸರು. ಶಿಬಿರದಲ್ಲಿ ಮೊದಲ ಸಲ ಅದನ್ನು ಕಂಡಾಗ ನನಗೆ ಬಹಳ ಮಮತೆ ಹುಟ್ಟಿತು. ಬೇರೂರಲು ಬಿಡದ, ಚಿಗುರಲು ಬಿಡದ ಸ್ಥಿತಿಯಲ್ಲಿ ಮೂರು ವರ್ಷ ಇದ್ದವನಿಗೆ ಹುಟ್ಟದೆ ಇನ್ಯಾರಿಗೆ ಹುಟ್ಟಬೇಕು!

ಈ ಕೆಲಸದ ಜೀವಾಳವೆಲ್ಲ ಚೊಕ್ಕಟತನದಲ್ಲಿದೆ. ಬಾಟಲಿಯೊಳಗಿನ ಸಕ್ಕರೆಯ ಲೋಳೆ ಗಿಡಕ್ಕೆ ಎಷ್ಟು ಪ್ರಿಯವೋ ಗಾಳಿಯಲ್ಲಿ ಹಾರಾಡುವ ಬೂಷ್ಟಿಗೂ ಅಷ್ಟೇ ಪ್ರಿಯ. ಕಣ್ಣಿಗೆ ಕಾಣದ ಅದರ ಒಂದು ಬೀಜಕಣ ಒಳಗೆ ಬಿದ್ದರೆ ಸಾಕು, ನಾಲ್ಕು ದಿನದಲ್ಲಿ ಬಾಟಲಿ ಅದರ ಪಾಲು. ಆದ್ದರಿಂದ ಎಲ್ಲವನ್ನೂ ಒತ್ತಡದ ಉಗಿಯಲ್ಲಿ ಬೇಯಿಸಬೇಕು. ಅದಕ್ಕೆ ಬೇಕಾದ ದೊಡ್ಡ ಯಂತ್ರ ಕಾಲೇಜಿನಲ್ಲಿ ಇರಲಿಲ್ಲ. ಆದರೆ ಅದೇ ತತ್ತ್ವದ ಮೇಲೆ ನಡೆಯುವ ಚಿಕ್ಕ ಯಂತ್ರವೊಂದು ನಮ್ಮ ಅಡಿಗೆಮನೆಯಲ್ಲಿತ್ತು. ನನ್ನ ಹೆಂಡತಿ ನೀಲಾ ಅದನ್ನು ಕುಕ್ಕರ್ ಎನ್ನುತ್ತಿದ್ದಳು. ಅದರಲ್ಲಿ ಒಮ್ಮೆಗೆ ನಾಲ್ಕೇ ಬಾಟಲಿ ಹಿಡಿಯುತ್ತಿದ್ದುದರಿಂದ ನಮ್ಮ ಮನೆಯಿಂದ ಬೆಳಗಿನಿಂದ ಸಂಜೆಯವರೆಗೆ ಸೀಟಿ ಕೇಳತೊಡಗಿತು. ಪಕ್ಕದ ಮನೆಯ ಗಂಗವ್ವ ಗೋಡೆಯ ಮೇಲಿಂದ ಇಣುಕಿ, “ನೀಲವ್ವಾ, ಇಬ್ಬರ ಗಂಡಾ ಹೆಂಡ್ತಿ ಎಷ್ಟ ಬ್ಯಾಳಿ ಉಣತೀರವಾ?” ಎಂದು ಕೇಳಿದ್ದಕ್ಕೆ ನೀಲಾ, “ಬ್ಯಾಳಿ ಅಲ್ಲವಾ, ನಮ್ಮವರು ಬಾಟ್ಲಿ ಬೇಸಾಕ ಹತ್ಯಾರ” ಎಂದು ಹೇಳಿದಳಂತೆ. ಗಂಗವ್ವ ಅಂದಿನಿಂದ ನನ್ನನ್ನು ಕಂಡಾಗ ಸೆರಗು ಸರಿಮಾಡಿಕೊಂಡು, ರೋಗಿಯನ್ನು ನೋಡುವಂತೆ ನೋಡುತ್ತಿದ್ದಳು.

ಸೈಟೊಕೈನಿನ್ ತುಟ್ಟಿ. ಅದರ ಬದಲು ತೆಂಗಿನ ನೀರು ನಡೆಯುತ್ತದೆ. ಹೀಗಾಗಿ ಸೋಮವಾರ ದೇವರಿಗೆ ಒಡೆದ ಕಾಯಿಯ ನೀರು ನನ್ನ ಪಾಲಾಯಿತು. ಆಕ್ಸಿನ್ ಆಗಿ ನಾನು ಬಳಸಿದ್ದು ಹೊಲದಲ್ಲಿ ಕಳೆ ಕೊಲ್ಲಲು ಹೊಡೆಯುವ ಔಷಧ. ಅದು ಸಾಸಿವೆಯಷ್ಟೂ ಇಲ್ಲದ ಪ್ರಮಾಣದಲ್ಲಿ ಇದ್ದರೆ ಜೀವಕೋಶ ಉಬ್ಬಿ ಬೆಳೆಯುತ್ತದೆ, ಹೆಚ್ಚಾದರೆ ಗಿಡವೇ ಸಾಯುತ್ತದೆ. ಹೊಗಳಿಕೆಯ ಹಾಗೆ. ನಮ್ಮ ಮಂಡಳಿಯ ಸಭೆಗಳಲ್ಲಿ ಚೇರಮನ್ನರಿಗೆ ಕೊಡುತ್ತಿದ್ದ ಪ್ರಮಾಣಕ್ಕೆ ಬೇರೆ ಯಾರಾದರೂ ಆಗಿದ್ದರೆ ಎಂದೋ ಒಣಗಿ ಹೋಗುತ್ತಿದ್ದರು. ಇನ್ನು ಒಳಗೆ ಕೈ ತೂರಿಸಿ ಕೆಲಸ ಮಾಡಲು ಗಾಜಿನ ಮುಖದ ಪೆಟ್ಟಿಗೆಯೊಂದು ಬೇಕಿತ್ತು. ಬಡಿಗ ಹುಸೇನಸಾಬರು ನನ್ನ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಶೇವು-ಚೂಡಾ ಇಡೂ ಕಪಾಟ ಮಾಡಿ ಕೊಟ್ಟೇನ್ರಿ ಸರ. ಆದರ ಕೈ ಹಾಕಾಕ ತೂತ ಬಿಟ್ರ ಗಿರಾಕಿ ಎಲ್ಲಾ ತಗೊಂಡ ಹೊಕ್ಕಾರಲ್ರೀ” ಎಂದರು. ಅವರಿಗೆ ಜೀವಕೋಶದಿಂದ ಆರಂಭಿಸಿ ಒಂದು ತಾಸು ವಿವರಿಸಿದೆ. ಪೆಟ್ಟಿಗೆ ಚೆನ್ನಾಗಿಯೇ ಮಾಡಿದರು.

ಚೂರು ಕತ್ತರಿಸಲು ಸಂತೆಯಲ್ಲಿ ಬೆಳಗಾವಿ ಕಡೆಯ ಗಜ್ಜರಿ, ಎಂದರೆ ಕ್ಯಾರೆಟ್, ಸಿಕ್ಕಿತು. ಒಂದು ರವಿವಾರ ಅಡಿಗೆಮನೆಯಲ್ಲೇ ಪೆಟ್ಟಿಗೆ ಇಟ್ಟು, ಸ್ಪಿರಿಟ್ಟಿನಿಂದ ಒರೆಸಿ, ದೀಪ ಹಚ್ಚಿ ಕೂತೆ. ಕಾಲೇಜಿನ ಸಿಪಾಯಿ ಬಾಳಪ್ಪ ಬಾಟಲಿ ಕೊಡಲು ಎಡಕ್ಕೆ ಕೂತಿದ್ದ. ಬಾಳಪ್ಪ ನನಗಿಂತ ಹದಿನೈದು ವರ್ಷ ದೊಡ್ಡವನು. ಹೇಳಿದ್ದಕ್ಕೆಲ್ಲ “ಹೌದ್ರಿ” ಎನ್ನುವ ಸಜ್ಜನ. ಅಂಥ ಶ್ರೋತೃ ಸಿಕ್ಕ ಮೇಲೆ ಕೇಳಬೇಕೆ? ಒಂದೊಂದು ಬಾಟಲಿಯ ಹತ್ತಿಯ ಅರಳೆಯ ಬಿರಡೆ ತೆಗೆದು ಗಜ್ಜರಿಯ ಚೂರು ಇಳಿಸುವಾಗಲೂ ಅದರ ಬಾಯಿಯ ಮೇಲೆಯೇ ಬಾಗಿ, ಈ ಚೂರಿನೊಳಗೆ ಇಡೀ ಗಿಡವೇ ಅಡಗಿದೆ, ಪ್ರತಿಯೊಂದು ಜೀವಕೋಶಕ್ಕೂ ತಾನು ಏನಾಗಬೇಕೆಂಬುದು ಗೊತ್ತಿದೆ ಎಂದು ಬಾಳಪ್ಪನಿಗೆ ಹೇಳುತ್ತಿದ್ದೆ. ಒಲೆಯ ಪಕ್ಕ ಬೆಳ್ಳುಳ್ಳಿ ಸುಲಿಯುತ್ತಿದ್ದ ನೀಲಾ ಇಪ್ಪತ್ತಮೂರು ಬಾಟಲಿ ಮುಗಿಯುವವರೆಗೆ ತಡೆದುಕೊಂಡಳು.

“ಏನ್ರೀ, ಬಾಟ್ಲಿ ಬಾಯಿ ತಗದಾಗ ನಿಮ್ಮ ಬಾಯಿ ಮುಚ್ಚಿರಬೇಕ್ರಿ. ಉಗಳ ಸಿಡಿತೈತಿ.”

“ನಾನು ಶಿಬಿರದಾಗ ಕಲತ ಬಂದೇನಿ” ಎಂದೆ.

“ಕಲತೀರಿ. ಉಪ್ಪಿನಕಾಯಿ ಹಾಕಿಲ್ಲ” ಎಂದಳು.

ನೀಲಾಳ ಉಪ್ಪಿನಕಾಯಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅವಳು ಹಾಕಿದ ಉಪ್ಪಿನಕಾಯಿ ಎರಡು ವರ್ಷ ಇಟ್ಟರೂ ಕೆಡುತ್ತಿರಲಿಲ್ಲ. ಅವಳದು ಕೈಗುಣ ಎಂದು ಓಣಿಯ ಹೆಂಗಸರು ತಮ್ಮ ತಮ್ಮ ಮಾವಿನಕಾಯಿ ಹೊತ್ತುಕೊಂಡು ಬಂದು ಅವಳ ಕೈಯಿಂದಲೇ ಉಪ್ಪು ಹಾಕಿಸಿಕೊಂಡು ಹೋಗುತ್ತಿದ್ದರು. ಕೈಗುಣ ಎಂಬುದೆಲ್ಲ ಮೂಢನಂಬಿಕೆ, ಕೈ ತೊಳೆದು ಒರೆಸಿಕೊಳ್ಳುವುದರಲ್ಲಿ ಎಲ್ಲ ಇದೆ ಎಂದು ನಾನು ಅವರಿಗೂ ವಿವರಿಸಿದ್ದೆ. ಅವರು “ಹೌದ್ರಿ” ಎಂದು ಮಾವಿನಕಾಯಿಯನ್ನು ನೀಲಾಳ ಕೈಗೇ ಕೊಟ್ಟಿದ್ದರು. ಈಗ ನೀಲಾ ಎದ್ದು, ಬಾಟಲಿ ಸಾಲದೆ ಅವಳ ಉಪ್ಪಿನಕಾಯಿಯ ಚಿಕ್ಕ ಗಾಜಿನ ಬಾಟಲಿಯಲ್ಲಿ ನಾನು ಲೋಳೆ ಹಾಕಿದ್ದ ಇಪ್ಪತ್ತನಾಲ್ಕನೆಯದನ್ನು ಎಳೆದುಕೊಂಡಳು. ಕೈ ತೊಳೆದು, ಸ್ಪಿರಿಟ್ಟು ಹಚ್ಚಿ, ಉಸಿರು ಬಿಗಿಹಿಡಿದು, ತುಟಿ ಎರಡು ಮಾಡದೆ, ಚಿಮಟದಿಂದ ಚೂರನ್ನು ಇಳಿಸಿ ಬಿರಡೆ ಹಾಕಿದಳು. ಮಗ್ಗಿ ಹೇಳಿ ಮುಗಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಮರಳಿ ಬೆಳ್ಳುಳ್ಳಿಗೆ ಹೋದಳು. ಆಗಲೂ ಚೊಕ್ಕಟತನದ ಮಹತ್ವವನ್ನು ನಾನು ಬಾಳಪ್ಪನಿಗೆ ತಿಳಿಸಿಕೊಡುತ್ತಿದ್ದೆ.

ಬಾಟಲಿಗಳೆಲ್ಲ ಬುಟ್ಟಿಯಲ್ಲಿ ಕೂತು ಕಾಲೇಜಿನ ಪ್ರಯೋಗಾಲಯದ ಕಪಾಟು ಸೇರಿದವು. ಐದನೆಯ ದಿನಕ್ಕೆ ನನ್ನ ಇಪ್ಪತ್ತಮೂರೂ ಬೂಷ್ಟು ಹಿಡಿದಿದ್ದವು. ಒಂದೂ ಬಿಟ್ಟಿರಲಿಲ್ಲ, ವಿದ್ಯಾರ್ಥಿಗಳ ಫಲಿತಾಂಶದಲ್ಲಿ ಅಂಥ ಸಾಧನೆ ನನಗೆ ಎಂದೂ ಆಗಿಲ್ಲ. ಹಸಿರು, ಕಪ್ಪು ಬಣ್ಣಕ್ಕೆ ತಿರುಗಿದ ಹದಿನಾಲ್ಕನ್ನು ಯಾರಿಗೂ ಕಾಣದಂತೆ ಕುದಿಸಿ ಚೆಲ್ಲಿದೆ. ಒಂಬತ್ತು ಬಾಟಲಿಗಳಲ್ಲಿ ಮಾತ್ರ ಬೂಷ್ಟು ಬೆಳ್ಳಗೆ, ಮೆತ್ತಗೆ, ಬಾಟಲಿ ತುಂಬ ಉಬ್ಬಿಕೊಂಡು ನಿಂತಿತ್ತು. ಅವುಗಳನ್ನು ನಾಳೆ ಚೆಲ್ಲಿದರಾಯಿತು ಎಂದು ಬಿಟ್ಟೆ. ನನ್ನ ಬಾಳಿನಲ್ಲಿ ನಾಳೆ ಮಾಡಿದರಾಯಿತು ಎಂದು ಬಿಟ್ಟ ಕೆಲಸಗಳೇ ನನ್ನನ್ನು ಮುಂದೆ ತಂದದ್ದು ಎಂಬುದನ್ನು ಯುವಕರು ಗಮನಿಸಬೇಕು.

ಮರುದಿನ ಬಾಳಪ್ಪ ಪ್ರಯೋಗಾಲಯದ ಬಾಗಿಲು ತೆರೆದವನೇ ಪಡಸಾಲೆಗೆ ಓಡಿ ಬಂದು ಕೂಗಿದ: “ಸರ, ಹತ್ತಿ ಒಡದಾವ್ರಿ! ಬಾಟ್ಲಿಯೊಳಗ ಹತ್ತಿ ಒಡದಾವ್ರಿ!”

ಅವನನ್ನು ನೋಡಿ ನಗಬೇಡಿ. ನಮ್ಮೂರು ಹತ್ತಿಯ ಊರು. ಸುಗ್ಗಿಯಲ್ಲಿ ಬೀದಿಯ ಬೇವಿನ ಗಿಡಗಳಿಗೂ ಅರಳೆ ತೂಗಾಡುತ್ತದೆ, ಊರಿನವರ ಮೀಸೆಯಲ್ಲೂ ಇರುತ್ತದೆ. ಬೆಳ್ಳಗೆ ಒಡೆದು ನಿಂತದ್ದು ಕಂಡರೆ ಇಲ್ಲಿಯವರ ಕಣ್ಣು ಮೊದಲು ಹತ್ತಿ ಎನ್ನುತ್ತದೆ. ಅಲ್ಲದೆ ಬಾಳಪ್ಪನ ತರ್ಕವೂ ಗಟ್ಟಿಯಾಗಿತ್ತು. “ನೀವ ಅಂದಿದ್ರಲ್ರಿ, ಒಂದ ಚೂರಿನ್ಯಾಗ ಇಡೀ ಗಿಡಾ ಇರತೈತಿ ಅಂತ. ಬಾಟ್ಲಿ ಬಾಯಿಗೆ ಅರಳಿ ತುರಕಿದ್ರಿ. ಆ ಅರಳಿ ಕೆಳಗ ಇಳದ ನಾಟೇತ್ರಿ!” ನನ್ನ ಪಾಠವನ್ನು ಇಷ್ಟು ಗಮನವಿಟ್ಟು ಕೇಳಿದ ಶಿಷ್ಯ ಮೊದಲು ಸಿಕ್ಕಿದ್ದೇ ಅಂದು. ಅದು ಹತ್ತಿಯಲ್ಲ, ಬೂಷ್ಟು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಪ್ರಿನ್ಸಿಪಾಲರ ಕೋಣೆಯಲ್ಲಿದ್ದ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ನಮ್ಮಲ್ಲಿ ಅವರಿಗೆ ಬಸ್ಸಿನ ಅನುಕೂಲವೂ ಇತ್ತು. ಮಧ್ಯಾಹ್ನದ ಬಸ್ಸು ಯರಗಟ್ಟಿ ಮುಟ್ಟುವಾಗ ಮಾಸ್ತರರು ಬಾಟಲಿಯಲ್ಲಿ ಹತ್ತಿ ಬೆಳೆದಿದ್ದರು. ರಾಮದುರ್ಗದಲ್ಲಿ ಅದು ಆರು ದಿನಕ್ಕೊಂದು ಬೆಳೆ ಆಯಿತು. ನೇಕಾರರ ಊರು ಸುರೇಬಾನಕ್ಕೆ ಹೋಗುವಷ್ಟರಲ್ಲಿ ಬಾಟಲಿಯಿಂದ ಸೀದಾ ಧೋತರವೇ ಹೊರಬರುತ್ತಿತ್ತಂತೆ. ನೇಸರಗಿಯಿಂದ ಒಬ್ಬ ಹಿರಿಯರು ಬಂದು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತು, “ಇದಕ್ಕ ಕಾಯಿಕೊರಕ ಹುಳಾ ಬೀಳಾಂಗಿಲ್ಲಲ್ರೀ?” ಎಂದು ಕೇಳಿದರು. ಅವರ ಹೊಲಕ್ಕೆ ಆ ವರ್ಷ ಹುಳ ಬಿದ್ದಿತ್ತು. ನನಗೆ ನಾಚಿಕೆಯಾಯಿತು. ಇದು ಹತ್ತಿಯಲ್ಲ ಎಂದು ಅವರಿಗೆ ನಿಜ ಹೇಳಿದೆ. ಅವರು ನಕ್ಕು, “ಗೊತ್ತಾತ್ರಿ. ಸರಕಾರದ ಮಂಜೂರಾತಿ ಬರೂತನಾ ಹೇಳೂಹಂಗಿಲ್ಲ” ಎಂದು ಕೈಮುಗಿದು ಎದ್ದು ಹೋದರು.

ಪ್ರಿನ್ಸಿಪಾಲರಿಗೂ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ಚೇರಮನ್ನರಿಗೆ ಹೇಳಿಬಿಟ್ಟೇನ್ರಿ ನಾನು. ಅವರು ಸವದತ್ತಿಯಿಂದ ಇಬ್ಬರು ವ್ಯಾಪಾರಸ್ಥರನ್ನ ಕರಕೊಂಡ ಬರಾವ್ರದಾರ. ಸಭಾದ ದಿವಸನ ಬರತಾರ. ನಿಮ್ಮ ಕಾಯಂ ವಿಷಯಾನೂ ಅವತ್ತನ ಐತಿ” ಎಂದರು. ಆಮೇಲೆ, “ನಾ ಏನೂ ಕೇಳಿಲ್ಲ, ನೀವು ಏನೂ ಹೇಳಿಲ್ಲ” ಎಂದು ಕನ್ನಡಕ ಹಾಕಿಕೊಂಡರು.

ಈ ಗದ್ದಲದಲ್ಲಿ ಕಪಾಟಿನ ಮೂಲೆಯಲ್ಲಿದ್ದ ಇಪ್ಪತ್ತನಾಲ್ಕನೆಯ ಬಾಟಲಿಯನ್ನು ಯಾರೂ ನೋಡಿರಲಿಲ್ಲ. ನಾಲ್ಕನೆಯ ವಾರ ನಾನು ನೋಡಿದೆ. ಅದರಲ್ಲಿ ಬೂಷ್ಟು ಇರಲಿಲ್ಲ. ಗಜ್ಜರಿಯ ಚೂರಿನ ಅಂಚಿನಿಂದ ಹಳದಿ ಬಣ್ಣದ, ಕಡಲೆಹಿಟ್ಟಿನ ಮುದ್ದೆಯಂಥ ಗಂಟೊಂದು ಉಬ್ಬಿತ್ತು. ಕ್ಯಾಲಸ್! ಶಿಬಿರದ ಆ ದೊಡ್ಡ ಪ್ರಯೋಗಾಲಯದಲ್ಲಿ ಕಂಡದ್ದು ಇಲ್ಲಿ ಬೈಲಹೊಂಗಲದಲ್ಲಿ, ಉಪ್ಪಿನಕಾಯಿಯ ಬಾಟಲಿಯಲ್ಲಿ, ನೀಲಾಳ ಕೈಯಿಂದ! ನನ್ನ ಕಣ್ಣಲ್ಲಿ ನೀರು ಬಂತೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಸಂಜೆ ನೀಲಾಳನ್ನು ಕರೆದುಕೊಂಡು ಹೋಗಿ ತೋರಿಸಿದೆ. “ಇದಕ್ಕ ಇಷ್ಟ ಕುಣದಾಡಾಕ ಹತ್ತೀರೇನು? ಹಳಸಿದ ಝುಣಕದ ಗತೆ ಐತಿ” ಎಂದಳು. ಆದರೂ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ಚೇರಮನ್ನರು ಬಂದಾಗ ಮೊದಲ ಇದನ್ನ ತೋರಸತೇನಿ. ಯಾರ ಕೈಲೆ ಆತು ಅನ್ನೂದನ್ನೂ ಹೇಳತೇನಿ” ಎಂದೆ. ಅವಳು “ಸಾಕ ಸುಮ್ಮನಿರ್ರಿ” ಎಂದು ನಕ್ಕಳು. ಮನೆಗೆ ಬರುವಾಗ ದಾರಿಯುದ್ದಕ್ಕೂ, ಅವರು ಏನು ಕೇಳಬಹುದು, ನಾನು ಏನು ಹೇಳಬೇಕು ಎಂದು ಅವಳೇ ನನಗೆ ಹೇಳಿಕೊಡುತ್ತ ಬಂದಳು.

ಸಭೆಯ ದಿನ ಚೇರಮನ್ನರು ಬಂದರು. ಎತ್ತರದ ಆಳು, ಕರಿಯ ಕೋಟು, ರೇಶಿಮೆಯ ರುಮಾಲು. ಹಿಂದೆ ಸವದತ್ತಿಯ ಇಬ್ಬರು ಹತ್ತಿ ವ್ಯಾಪಾರಸ್ಥರು. ಬಾಳಪ್ಪ ಒಂಬತ್ತೂ ಬಾಟಲಿಗಳಿಗೆ ವಿಭೂತಿ ಹಚ್ಚಿ ಸೇವಂತಿಗೆ ಇಟ್ಟಿದ್ದ. ನಾನು ಮೊದಲ ಮಾತನ್ನು ಗಂಟಲಲ್ಲಿ ಸಜ್ಜುಮಾಡಿಕೊಂಡಿದ್ದೆ. ಆದರೆ ಹತ್ತಿಯ ವ್ಯಾಪಾರಸ್ಥನಿಗೆ ಬೆಳ್ಳಗಿನದು ಕಂಡರೆ ಕೈ ನಿಲ್ಲುವುದಿಲ್ಲ. ಹತ್ತಿ ತುಂಬಿದ ಯಾವ ಅಂಡಿಗೆಯಿಂದಲೂ ಒಂದು ಚಿಟಿಕೆ ಎಳೆದು, ಎರಡು ಹೆಬ್ಬೆರಳಿನ ನಡುವೆ ಹಿಂಜಿ, ಕೋಟಿನ ತೋಳಿನ ಮೇಲಿಟ್ಟು ಎಳೆಯ ಉದ್ದ ನೋಡದ ಹೊರತು ಅವನು ಬಾಯಿ ತೆರೆಯುವುದಿಲ್ಲ. ಚೇರಮನ್ನರು ಸೀದಾ ಬಂದವರೇ ಬಿರಡೆ ಕಿತ್ತು, ಎರಡು ಬೆರಳು ಒಳಗಿಳಿಸಿ, ಚಿಟಿಕೆ ಎಳೆದರು. ಹೆಬ್ಬೆರಳ ನಡುವೆ ಹಿಂಜಿದರು. ಅದು ಎಳೆ ಬಿಡಲಿಲ್ಲ, ಲೊಳಕ್ಕೆಂದು ಅಂಟಿಕೊಂಡಿತು. ಮೂಗಿನ ಹತ್ತಿರ ಹಿಡಿದರು.

ನಲವತ್ತು ವರ್ಷ ಹತ್ತಿ ನೋಡಿದ ಮನುಷ್ಯನಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಗೊತ್ತಾಯಿತು. ಅವರು ನನ್ನನ್ನು ನೋಡಿದರು, ಪ್ರಿನ್ಸಿಪಾಲರನ್ನು ನೋಡಿದರು, ಆಮೇಲೆ ತಾವೇ ಕರೆದು ತಂದ ಇಬ್ಬರು ಅತಿಥಿಗಳನ್ನು ನೋಡಿದರು. ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡರು.

“ಬಣ್ಣ ಚಲೋ ಐತಿ. ಎಳಿ ಸ್ವಲ್ಪ ಗಿಡ್ಡ ಐತಿ” ಎಂದರು.

“ಮುಂದಿನ ಹಂಗಾಮಿಗೆ ಉದ್ದ ಆಕ್ಕೈತ್ರಿ” ಎಂದರು ಪ್ರಿನ್ಸಿಪಾಲರು.

ಎಲ್ಲರೂ ನನ್ನ ಕಡೆ ತಿರುಗಿದರು. “ಹಾರ್ಮೋನು ತುಸು ಹೆಚ್ಚ ಹಾಕಬೇಕ್ರಿ” ಎಂದೆ.

ವ್ಯಾಪಾರಸ್ಥರು ತಲೆದೂಗಿದರು. ಚೇರಮನ್ನರ ಮುಖದ ಬಿಗುವು ಸಡಿಲಿತು. ಹೊರಡಲು ತಿರುಗಿದವರ ಕಣ್ಣು ಮೂಲೆಗೆ ಬಿತ್ತು. “ಅದೇನ್ರಿ ಆ ಬಾಟ್ಲಿಯೊಳಗ? ಕೊಳತೈತೇನು?” ಎಂದರು.

ನೀಲಾ ದಾರಿಯಲ್ಲಿ ಹೇಳಿಕೊಟ್ಟ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಅದು ಕೊಳೆತದ್ದಲ್ಲ, ಇಲ್ಲಿರುವುದರಲ್ಲಿ ಅದೊಂದೇ ನಿಜವಾದದ್ದು ಎಂದರೆ ಉಳಿದ ಒಂಬತ್ತು ಏನು ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. “ಹೌದ್ರಿ, ಅದು ಕೆಟ್ಟೈತ್ರಿ” ಎಂದೆ. ಬಾಳಪ್ಪ ನನ್ನ ಮುಖ ನೋಡಿದ. “ನೋಡ್ತಿ ಏನು, ಒಗಿ ಅದನ್ನ” ಎಂದರು ಪ್ರಿನ್ಸಿಪಾಲರು. ಅವನು ಬಾಟಲಿ ಎತ್ತಿಕೊಂಡು ಹಿತ್ತಿಲ ತಿಪ್ಪೆಯ ಕಡೆಗೆ ಹೋದ. ಸಂಜೆ ನನ್ನನ್ನು ಕಾಯಂ ಮಾಡಿದ ಠರಾವು ಪಾಸಾಯಿತು. ಅದರಲ್ಲಿ ‘ಹತ್ತಿ ಸಂಶೋಧನೆಯಲ್ಲಿ ತೋರಿದ ಆಸಕ್ತಿಯನ್ನು ಗಮನಿಸಿ’ ಎಂದು ಬರೆದಿತ್ತು. ಹೊರಗೆ ಬರುವಾಗ ಬಾಳಪ್ಪ ಚಿಕ್ಕ ಬಾಟಲಿಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ತಂದು ಕೈಗಿತ್ತ. “ಅಕ್ಕಾರ ಬಾಟ್ಲಿರಿ” ಎಂದ.

ಮನೆಯಲ್ಲಿ ನೀಲಾ ಠರಾವಿನ ಸುದ್ದಿ ಕೇಳಿ ದೇವರಿಗೆ ದೀಪ ಹಚ್ಚಿದಳು. ಗಂಗವ್ವನ ಮನೆಗೆ ಸಕ್ಕರೆ ಕೊಟ್ಟು ಬಂದಳು. ಆಮೇಲೆ ಚೀಲದಲ್ಲಿದ್ದ ಬಾಟಲಿ ಕಂಡು, “ಖಾಲಿ ಯಾಕೈತ್ರಿ?” ಎಂದು ಕೇಳಿದಳು.

ನಾನು ಎಲ್ಲವನ್ನೂ ಹೇಳಬಹುದಾಗಿತ್ತು. ಹೇಳಿದ್ದರೆ ನಗುತ್ತಿದ್ದಳು, ಇಲ್ಲವೆ ಎರಡು ದಿನ ಸಿಟ್ಟಾಗುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ಸಂತೋಷವಿದ್ದಾಗ ನನ್ನ ಹೇಡಿತನ ಬಿಚ್ಚಿಡಲು ಧೈರ್ಯವಾಗಲಿಲ್ಲ. “ಅದಕ್ಕೂ ಬೂಷ್ಟ ಬಂತು” ಎಂದೆ.

“ನಾ ಇಟ್ಟಿದ್ದಕ್ಕ?”

“ಹೂಂ.”

ಅವಳು ಬಾಟಲಿಯನ್ನು ಮೂಸಿ ನೋಡಿದಳು. ಆಮೇಲೆ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಚೈತ್ರ ಕಳೆದು ಮಾವಿನಕಾಯಿ ಬಂದವು. ಓಣಿಯ ಹೆಂಗಸರು ಎಂದಿನಂತೆ ಬುಟ್ಟಿ ಹೊತ್ತು ಬಂದರೆ ನೀಲಾ, “ಈ ವರ್ಷ ನಾ ಮುಟ್ಟೂದಿಲ್ಲರವಾ. ನನ್ನ ಕೈಗುಣ ಹೋಗೇತಿ” ಎಂದು ಎಲ್ಲರನ್ನೂ ಕಳಿಸಿದಳು. ನಮ್ಮ ಮನೆಯ ಕಾಯಿಗಳನ್ನೂ ಗಂಗವ್ವನ ಮನೆಗೆ ಕೊಟ್ಟು, ಅವಳ ಕೈಯಿಂದಲೇ ಉಪ್ಪು ಹಾಕಿಸಿ ತಂದಳು. ಗಂಗವ್ವನ ಕೈ ದೊಡ್ಡದು. ಮೊದಲ ದಿನ ರೊಟ್ಟಿಯ ಜೊತೆ ಒಂದು ಹೋಳು ಬಾಯಿಗಿಟ್ಟೆ, ಉಪ್ಪಿಗೆ ನಾಲಗೆ ಸುಟ್ಟಂತಾಯಿತು. ನೀಲಾ ನನ್ನ ಮುಖವನ್ನೇ ನೋಡುತ್ತಿದ್ದಳು.

“ಹೆಂಗಾಗೇತ್ರಿ?”

“ಭಾಳ ಚಲೋ ಆಗೇತಿ” ಎಂದೆ.

ಅವಳು ತಲೆಯಾಡಿಸಿ ಇನ್ನೆರಡು ಹೋಳು ನನ್ನ ತಾಟಿಗೆ ಹಾಕಿದಳು. ತಿಂದೆ.